ಹಾಲಿವುಡ್‌ನ ಪೋಷಕ ನಟಿಯರು: ಫಲಕದಿಂದ ಪ್ರತಿಮೆಯವರೆಗೆ

ಸಿನಿಮಾ ನೋಡಿ ಬಂದವರು ಮೊದಲು ಮಾತಾಡುವುದು ನಾಯಕ ನಾಯಕಿಯರ ಬಗ್ಗೆ. ಮಾತು ಸ್ವಲ್ಪ ಮುಂದೆ ಹೋದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: 'ಆ ತಾಯಿ ಪಾತ್ರ ಮಾಡಿದಾಕೆ ಯಾರು? ಎಷ್ಟು ಚೆನ್ನಾಗಿ ಮಾಡಿದ್ದಾಳಲ್ಲ!' ಹೆಸರು ಯಾರಿಗೂ ನೆನಪಿರುವುದಿಲ್ಲ, ಮುಖವನ್ನು ಮಾತ್ರ ಯಾರೂ ಮರೆತಿರುವುದಿಲ್ಲ. ಇಂಥ ನಟಿಯರಿಗೆ ಹಾಲಿವುಡ್ ಯಾವಾಗ ಪ್ರಶಸ್ತಿ ಕೊಡಲು ಶುರುಮಾಡಿತು, ಯಾಕೆ ಶುರುಮಾಡಿತು, ಆ ಪ್ರಶಸ್ತಿಯಿಂದ ಅವರ ಬದುಕಿನಲ್ಲಿ ಏನಾಯಿತು ಎನ್ನುವುದು ಇವತ್ತಿನ ಭಾಷಣದ ವಿಷಯ.

ಆಸ್ಕರ್ ಪ್ರಶಸ್ತಿಗಳ ಮೊದಲ ಸಮಾರಂಭ ನಡೆದದ್ದು 1929ರ ಮೇ 16ರಂದು, ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನಲ್ಲಿ. ಆಗ ನಟರಿಗೊಂದು, ನಟಿಯರಿಗೊಂದು ಪ್ರಶಸ್ತಿ ಇತ್ತು, ಅಷ್ಟೇ. ಪೋಷಕ ಪಾತ್ರಕ್ಕೆ ಬೇರೆ ಪ್ರಶಸ್ತಿ ಇರಲಿಲ್ಲ. 1935ರ ಚಿತ್ರಗಳಿಗೆ ನಾಮನಿರ್ದೇಶನ ಮಾಡುವಾಗ ಒಂದು ಪೇಚು ಎದುರಾಯಿತು. 'ಮ್ಯೂಟಿನಿ ಆನ್ ದ ಬೌಂಟಿ' ಎಂಬ ಒಂದೇ ಚಿತ್ರದಿಂದ ಕ್ಲಾರ್ಕ್ ಗೇಬಲ್, ಚಾರ್ಲ್ಸ್ ಲಾಟನ್, ಫ್ರಾಂಚೊ ಟೋನ್ ಮೂವರೂ ಅತ್ಯುತ್ತಮ ನಟ ಪ್ರಶಸ್ತಿಗೆ ಸ್ಪರ್ಧಿಗಳಾದರು. ಮೂವರೂ ಸೋತರು. 'ದ ಇನ್‌ಫಾರ್ಮರ್' ಚಿತ್ರದ ವಿಕ್ಟರ್ ಮೆಕ್‌ಲಾಗ್ಲೆನ್ ಗೆದ್ದರು. ಮುಖ್ಯ ಪಾತ್ರವನ್ನೂ ಪಕ್ಕದ ಪಾತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ಆಗ ಎದ್ದು ಕಂಡಿತು. ಮರುವರ್ಷದ ಚಿತ್ರಗಳಿಂದ ಪೋಷಕ ನಟ, ಪೋಷಕ ನಟಿ ಎಂಬ ಎರಡು ಹೊಸ ವಿಭಾಗಗಳು ಬಂದವು.

1937ರ ಮಾರ್ಚ್ 4ರಂದು ಲಾಸ್ ಏಂಜಲೀಸ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ಮೊತ್ತಮೊದಲ ಪೋಷಕ ನಟಿ ಪ್ರಶಸ್ತಿ ಪಡೆದವರು ಗೇಲ್ ಸಾಂಡರ್‌ಗಾರ್ಡ್. ಚಿತ್ರ 'ಆಂಥನಿ ಅಡ್ವರ್ಸ್', ಪಾತ್ರ ಸಂಚು ಹೂಡುವ ಹೆಂಗಸಿನದು. ರಂಗಭೂಮಿಯಿಂದ ಬಂದಿದ್ದ ಆಕೆಗೆ ಅದು ಮೊದಲ ಚಿತ್ರ. ಆದರೆ ಆಕೆಯ ಕೈಗೆ ಬಂದದ್ದು ಎಲ್ಲರಿಗೂ ಗೊತ್ತಿರುವ ಚಿನ್ನದ ಬಣ್ಣದ ಪ್ರತಿಮೆಯಲ್ಲ, ಒಂದು ಫಲಕ. ನಾಯಕಿಗೆ ಪ್ರತಿಮೆ, ಪೋಷಕ ನಟಿಗೆ ಫಲಕ ಎಂಬ ಪಂಕ್ತಿಭೇದ ಏಳು ವರ್ಷ ನಡೆಯಿತು.

ಆ ಫಲಕಗಳ ಕಾಲದ ಒಂದು ಹೆಸರನ್ನು ಮಾತ್ರ ವಿವರವಾಗಿ ಹೇಳಲೇಬೇಕು: ಹ್ಯಾಟಿ ಮೆಕ್‌ಡೇನಿಯಲ್. 1893ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಹುಟ್ಟಿದವರು. ತಂದೆತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿ ಬಿಡುಗಡೆ ಕಂಡವರು. ಹಾಡುಗಾರ್ತಿಯಾಗಿ ಊರೂರು ಸುತ್ತಿ, ರೇಡಿಯೋದಲ್ಲಿ ಹಾಡಿ, ಹಾಲಿವುಡ್‌ಗೆ ಬಂದು, ಮನೆಗೆಲಸದವಳ ಪಾತ್ರಗಳನ್ನು ಮಾಡುತ್ತಾ 1939ರಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರದ ಮ್ಯಾಮಿ ಆದರು. ಆ ಚಿತ್ರ ನೋಡಿದವರಿಗೆ ಒಂದು ದೃಶ್ಯ ನೆನಪಿರುತ್ತದೆ. ರೆಟ್ ಮತ್ತು ಸ್ಕಾರ್ಲೆಟ್ ದಂಪತಿಯ ಪುಟ್ಟ ಮಗಳು ತೀರಿಕೊಂಡಿದ್ದಾಳೆ. ಮಗುವಿಗೆ ಕತ್ತಲೆಂದರೆ ಭಯ, ಅದನ್ನು ಮಣ್ಣಿಗೆ ಇಡಲು ಬಿಡುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದಾನೆ. ಈ ಸುದ್ದಿಯನ್ನು ಮ್ಯಾಮಿ ಮೆಟ್ಟಿಲು ಹತ್ತುತ್ತಾ ಕುಟುಂಬದ ಗೆಳತಿ ಮೆಲನಿಗೆ ಹೇಳುತ್ತಾಳೆ. ಸತ್ತ ಮಗುವನ್ನಾಗಲೀ ಅಪ್ಪನ ಅಳುವನ್ನಾಗಲೀ ಆ ಹೊತ್ತಿನಲ್ಲಿ ತೆರೆ ತೋರಿಸುವುದಿಲ್ಲ. ಒಂದು ಮನೆಯ ದುಃಖವೆಲ್ಲ ಅವಳ ಏದುಸಿರಿನಲ್ಲಿ, ಒಡೆದ ದನಿಯಲ್ಲಿ ಬರುತ್ತದೆ.

ಚಿತ್ರದ ಮೊದಲ ಪ್ರದರ್ಶನ 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದಾಗ ಮೆಕ್‌ಡೇನಿಯಲ್ ಅಲ್ಲಿರಲಿಲ್ಲ. ಜಾರ್ಜಿಯಾ ರಾಜ್ಯದ ವರ್ಣಭೇದದ ಕಾನೂನು ಅವರನ್ನು ಹೊರಗಿಟ್ಟಿತು. 1940ರ ಫೆಬ್ರವರಿ 29ರಂದು ಆಸ್ಕರ್ ಸಮಾರಂಭ ನಡೆದದ್ದು ಆಂಬಾಸಡರ್ ಹೋಟೆಲಿನಲ್ಲಿ. ಅಲ್ಲಿಯೂ ಕರಿಯರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಹೇಳಿಸಿ ಕೇಳಿಸಿ ಒಳಗೆ ಬಿಡಿಸಿದರು. ಆದರೂ ಚಿತ್ರತಂಡದ ಮೇಜಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಗೋಡೆಯ ಬದಿಯ ಸಣ್ಣ ಮೇಜೊಂದರಲ್ಲಿ ಕೂತಿದ್ದರು. ಅದೇ ಚಿತ್ರದ ಮೆಲನಿ, ಅಂದರೆ ಒಲಿವಿಯಾ ಡಿ ಹ್ಯಾವಿಲಂಡ್, ಅದೇ ಪ್ರಶಸ್ತಿಗೆ ಸ್ಪರ್ಧಿಯಾಗಿದ್ದರು. ಗೆದ್ದದ್ದು ಮೆಕ್‌ಡೇನಿಯಲ್. ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ವ್ಯಕ್ತಿ ಅವರೇ.

ಗೆದ್ದ ಮೇಲೆ ಏನಾಯಿತು? ಮತ್ತೆ ಮನೆಗೆಲಸದವಳ ಪಾತ್ರಗಳೇ ಬಂದವು. ಇಂಥ ಪಾತ್ರ ಒಪ್ಪಿಕೊಳ್ಳುತ್ತೀರಲ್ಲ ಎಂದು ಅವರ ಸಮುದಾಯದ ನಾಯಕರೇ ಟೀಕಿಸಿದರು. 1947ರಲ್ಲಿ 'ಬ್ಯೂಲಾ' ಎಂಬ ರೇಡಿಯೋ ಸರಣಿಯಲ್ಲಿ ಅವರಿಗೆ ಮುಖ್ಯ ಪಾತ್ರ ಸಿಕ್ಕಿತು. ಅದೂ ಮನೆಗೆಲಸದವಳದೇ. 1952ರಲ್ಲಿ ತೀರಿಕೊಂಡಾಗ, ಅವರು ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ವರ್ಣದ ಕಾರಣಕ್ಕೆ ಜಾಗ ಕೊಡಲಿಲ್ಲ. ತಮ್ಮ ಫಲಕವನ್ನು ಅವರು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದರು. ಅದು ಅಲ್ಲಿಂದ ಕಾಣೆಯಾಯಿತು. ಅದರ ಬದಲಿಗೆ ಆಸ್ಕರ್ ಕೊಡುವ ಅಕಾಡೆಮಿ ಇನ್ನೊಂದು ಫಲಕ ಮಾಡಿಸಿ ಕೊಟ್ಟದ್ದು 2023ರಲ್ಲಿ. ಅವರ ನಂತರ ಪೋಷಕ ನಟಿ ಪ್ರಶಸ್ತಿ ಪಡೆದ ಇನ್ನೊಬ್ಬ ಕಪ್ಪು ನಟಿ 1990ರ 'ಘೋಸ್ಟ್' ಚಿತ್ರದ ವೂಪಿ ಗೋಲ್ಡ್‌ಬರ್ಗ್. ನಡುವೆ ಐವತ್ತೊಂದು ವರ್ಷ.

ಪೋಷಕ ಪಾತ್ರದ ನಿಜವಾದ ಶಕ್ತಿ ಏನೆಂದು ತಿಳಿಯಬೇಕಾದರೆ 1940ರ 'ದ ಗ್ರೇಪ್ಸ್ ಆಫ್ ರಾತ್' ನೋಡಬೇಕು. ಜಾನ್ ಸ್ಟೈನ್‌ಬೆಕ್ ಕಾದಂಬರಿ, ಜಾನ್ ಫೋರ್ಡ್ ನಿರ್ದೇಶನ. ಒಕ್ಲಹೋಮಾದ ರೈತ ಕುಟುಂಬವೊಂದು ನೆಲ ಕಳೆದುಕೊಂಡು ಹಳೆಯ ಲಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಡುತ್ತದೆ. ಮನೆಯೊಡತಿ ಮಾ ಜೋಡ್ ಪಾತ್ರ ಜೇನ್ ಡಾರ್‌ವೆಲ್ ಅವರದು. ಹೊರಡುವ ಮುಂಚೆ ಆಕೆ ಹಳೆಯ ಪೆಟ್ಟಿಗೆ ತೆರೆದು, ಕಾಗದಪತ್ರಗಳನ್ನು ಒಲೆಗೆ ಹಾಕುತ್ತಾ, ಒಂದು ಜೊತೆ ಕಿವಿಯೋಲೆ ತೆಗೆದು ಕಿವಿಗೆ ಹಿಡಿದು ಕನ್ನಡಿ ನೋಡಿಕೊಳ್ಳುತ್ತಾಳೆ. ಒಂದು ಮಾತೂ ಇಲ್ಲ. ಒಬ್ಬ ಹೆಂಗಸಿನ ಇಡೀ ಹರೆಯ ಆ ಒಂದು ಗಳಿಗೆಯಲ್ಲಿ ಬಂದು ಹೋಗುತ್ತದೆ. ಡಾರ್‌ವೆಲ್ ಅವರಿಗೆ ಆಗ ಅರವತ್ತು ದಾಟಿತ್ತು. ಆ ವಯಸ್ಸಿನ ನಟಿಯನ್ನು ನಾಯಕಿ ಮಾಡುವ ಚಿತ್ರ ಹಾಲಿವುಡ್‌ನಲ್ಲಿ ಅಪರೂಪವಾಗಿತ್ತು. ಅವರು ಗೆದ್ದ ಪೋಷಕ ನಟಿ ಪ್ರಶಸ್ತಿ ಇರದೇ ಹೋಗಿದ್ದರೆ ಇಂಥ ನಟನೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಮರುವರ್ಷ 'ದ ಗ್ರೇಟ್ ಲೈ' ಚಿತ್ರಕ್ಕೆ ಮೇರಿ ಆಸ್ಟರ್ ಗೆದ್ದರು. ಅವರದು ಅಹಂಕಾರಿ ಪಿಯಾನೋ ವಾದಕಿಯ ಪಾತ್ರ. ಕಥೆ ಸಪ್ಪೆಯಾಗಿದೆ ಎನ್ನಿಸಿ ನಾಯಕಿ ಬೆಟ್ಟಿ ಡೇವಿಸ್ ಮತ್ತು ಆಸ್ಟರ್ ಇಬ್ಬರೂ ಸೇರಿ ತಮ್ಮ ದೃಶ್ಯಗಳನ್ನು ತಿದ್ದಿ ಬರೆದರು. ಪ್ರಶಸ್ತಿ ಪಡೆದಾಗ ಆಸ್ಟರ್ ಇಬ್ಬರಿಗೆ ಕೃತಜ್ಞತೆ ಹೇಳಿದರು: ಒಬ್ಬರು ಡೇವಿಸ್, ಇನ್ನೊಬ್ಬರು ಚಿತ್ರದ ಸಂಗೀತಕ್ಕೆ ಆಧಾರವಾದ ಚೈಕೋವ್‌ಸ್ಕಿ.

1943ರ ಚಿತ್ರಗಳಿಗೆ ಪ್ರಶಸ್ತಿ ಕೊಡುವಾಗ ಫಲಕ ಹೋಗಿ ಪೂರ್ಣ ಪ್ರತಿಮೆ ಬಂತು. ಅದನ್ನು ಮೊದಲು ಪಡೆದ ಪೋಷಕ ನಟಿ ಗ್ರೀಸ್ ದೇಶದ ಕತೀನಾ ಪಕ್ಸಿನೂ. 'ಫಾರ್ ಹೂಮ್ ದ ಬೆಲ್ ಟೋಲ್ಸ್' ಚಿತ್ರದಲ್ಲಿ ಸ್ಪೇನಿನ ಬೆಟ್ಟಗಳಲ್ಲಿ ಅಡಗಿ ಹೋರಾಡುವ ತಂಡವನ್ನು ಅಂಕೆಯಲ್ಲಿಟ್ಟುಕೊಂಡ ಪಿಲಾರ್ ಪಾತ್ರ ಅವರದು. ಅಥೆನ್ಸ್‌ನ ರಾಷ್ಟ್ರೀಯ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ಅವರು ಎರಡನೆಯ ಮಹಾಯುದ್ಧದಿಂದಾಗಿ ತಾಯ್ನಾಡಿನಿಂದ ದೂರ ಉಳಿದಿದ್ದರು. ಗ್ರೀಸ್ ಆಗ ಜರ್ಮನರ ಹಿಡಿತದಲ್ಲಿತ್ತು. ಯುದ್ಧ ಮುಗಿದ ಮೇಲೆ ಅವರು ಹಾಲಿವುಡ್‌ನಲ್ಲಿ ನೆಲೆ ನಿಲ್ಲಲಿಲ್ಲ, ಗ್ರೀಸಿಗೆ ಮರಳಿ ರಂಗಭೂಮಿಗೇ ದುಡಿದರು.

ಪ್ರಶಸ್ತಿ ಯಾರನ್ನೂ ಕಾಪಾಡುವುದಿಲ್ಲ ಎಂಬುದಕ್ಕೆ ಮುಂದಿನ ಕಥೆ ಸಾಕ್ಷಿ. 1946ರಲ್ಲಿ 'ನ್ಯಾಷನಲ್ ವೆಲ್ವೆಟ್' ಚಿತ್ರಕ್ಕೆ ಆನ್ ರೆವಿಯರ್ ಗೆದ್ದರು. ಬಾಲಕಿ ಎಲಿಜಬೆತ್ ಟೇಲರ್ ಕುದುರೆ ಪಂದ್ಯಕ್ಕೆ ಇಳಿಯುವ ಆಸೆಪಟ್ಟಾಗ, ತಾಯಿ ತಾನು ಹಿಂದೆ ಇಂಗ್ಲಿಷ್ ಕಾಲುವೆ ಈಜಿ ಗೆದ್ದ ಹಣವನ್ನು ಅಟ್ಟದ ಮೇಲಿಂದ ತೆಗೆದುಕೊಡುತ್ತಾಳೆ. ಆ ತಾಯಿ ರೆವಿಯರ್. ಐದೇ ವರ್ಷದಲ್ಲಿ, 1951ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಅವರನ್ನು ಕರೆಸಲಾಯಿತು. ಸಂವಿಧಾನದ ಐದನೆಯ ತಿದ್ದುಪಡಿಯ ಹಕ್ಕು ಹಿಡಿದು ಅವರು ಉತ್ತರ ಕೊಡಲಿಲ್ಲ. ಹಾಲಿವುಡ್ ಅವರ ಹೆಸರನ್ನು ಕಪ್ಪುಪಟ್ಟಿಗೆ ಹಾಕಿತು. ಸುಮಾರು ಇಪ್ಪತ್ತು ವರ್ಷ ಅವರಿಗೆ ಸಿನಿಮಾ ಇರಲಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಮೊದಲ ಪೋಷಕ ನಟಿ ಪ್ರಶಸ್ತಿ ಪಡೆದ ಗೇಲ್ ಸಾಂಡರ್‌ಗಾರ್ಡ್. ಅವರ ಪತಿ, ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್, ಅದೇ ಸಮಿತಿಯನ್ನು ಎದುರುಹಾಕಿಕೊಂಡು ಜೈಲಿಗೆ ಹೋದ 'ಹಾಲಿವುಡ್ ಹತ್ತು ಮಂದಿ'ಯಲ್ಲಿ ಒಬ್ಬರು. ಸಾಂಡರ್‌ಗಾರ್ಡ್ ಮತ್ತೆ ತೆರೆಗೆ ಬಂದದ್ದು 1969ರಲ್ಲಿ.

ಅಭಿನಯದ ದೃಷ್ಟಿಯಿಂದ ನಲವತ್ತರ ದಶಕದ ಕೊನೆಯ ಎರಡು ಪ್ರಶಸ್ತಿಗಳು ಗಟ್ಟಿಯಾದವು. 1948ರ 'ಕೀ ಲಾರ್ಗೊ' ಚಿತ್ರದಲ್ಲಿ ಕ್ಲೇರ್ ಟ್ರೆವರ್ ಕುಡಿತಕ್ಕೆ ಬಿದ್ದ ಹಳೆಯ ಗಾಯಕಿ. ದರೋಡೆಕೋರ ಪ್ರಿಯಕರ, 'ಹಾಡು, ಆಮೇಲೆ ಗ್ಲಾಸು ಕೊಡುತ್ತೇನೆ' ಎಂದು ಎಲ್ಲರೆದುರು ಹಾಡಿಸುತ್ತಾನೆ. ನಿರ್ದೇಶಕ ಜಾನ್ ಹ್ಯೂಸ್ಟನ್ ಆಕೆಗೆ ತಾಲೀಮಿಗೆ ಅವಕಾಶ ಕೊಡಲಿಲ್ಲ, ಪಕ್ಕವಾದ್ಯವನ್ನೂ ಕೊಡಲಿಲ್ಲ, ನೇರವಾಗಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಆ ತಡವರಿಕೆ, ಶ್ರುತಿ ತಪ್ಪುವುದು, ನಾಚಿಕೆ ಎಲ್ಲವೂ ಹಾಗೆಯೇ ಚಿತ್ರದಲ್ಲಿ ಉಳಿಯಿತು. ಹಾಡು ಮುಗಿದ ಮೇಲೆ ಅವನು ಗ್ಲಾಸು ಕೊಡುವುದಿಲ್ಲ.

ಇನ್ನೊಬ್ಬರು ರೇಡಿಯೋ ಕೇಳುಗರಾದ ನಮಗೆ ಹತ್ತಿರದವರು. 1949ರ 'ಆಲ್ ದ ಕಿಂಗ್ಸ್ ಮೆನ್' ಚಿತ್ರಕ್ಕೆ ಗೆದ್ದ ಮರ್ಸಿಡಿಸ್ ಮೆಕೇಂಬ್ರಿಜ್ ಅದಕ್ಕೆ ಮೊದಲು ರೇಡಿಯೋ ನಾಟಕಗಳ ದೊಡ್ಡ ಹೆಸರು. ಮೊದಲ ಚಿತ್ರಕ್ಕೇ ಆಸ್ಕರ್. 1973ರ 'ದ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಮೈಮೇಲೆ ಬಂದ ದೆವ್ವದ ಮೈನಡುಗಿಸುವ ದನಿಯೂ ಇವರದೇ. ಆ ಕೆಲಸಕ್ಕೆ ತಮ್ಮ ಹೆಸರು ಹಾಕಿಸಿಕೊಳ್ಳಲು ಇವರು ಜಗಳವಾಡಬೇಕಾಯಿತು.

ಪಾತ್ರ ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆಗೂ ಈ ಇತಿಹಾಸದಲ್ಲಿ ಉತ್ತರವಿದೆ. 1952ರ 'ದ ಬ್ಯಾಡ್ ಅಂಡ್ ದ ಬ್ಯೂಟಿಫುಲ್' ಚಿತ್ರಕ್ಕೆ ಗೆದ್ದ ಗ್ಲೋರಿಯಾ ಗ್ರಹಾಮ್ ತೆರೆಯ ಮೇಲೆ ಇರುವುದು ಹತ್ತು ನಿಮಿಷಕ್ಕೂ ಕಡಿಮೆ. 1976ರ 'ನೆಟ್‌ವರ್ಕ್' ಚಿತ್ರದ ಬಿಯಾಟ್ರಿಸ್ ಸ್ಟ್ರೇಟ್ ಐದು ನಿಮಿಷದಷ್ಟೇ ಕಾಣಿಸಿ ಗೆದ್ದರು. ಪ್ರಶಸ್ತಿ ಗೆದ್ದ ಪಾತ್ರಗಳಲ್ಲಿ ಅದೇ ಅತಿ ಚಿಕ್ಕದು.

ಗೆಲ್ಲದವರ ಮಾತು ಬಿಟ್ಟರೆ ಈ ಕಥೆ ಅರೆಬರೆ. ಥೆಲ್ಮಾ ರಿಟರ್ 1950ರಿಂದ 1962ರೊಳಗೆ ಆರು ಬಾರಿ ಸ್ಪರ್ಧೆಗೆ ನಿಂತರು, ಆರು ಬಾರಿಯೂ ಸೋತರು. 'ಪಿಕಪ್ ಆನ್ ಸೌತ್ ಸ್ಟ್ರೀಟ್' ಚಿತ್ರದಲ್ಲಿ ಅವರು ಟೈ ಮಾರುತ್ತಾ, ಪೊಲೀಸರಿಗೆ ಸುಳಿವು ಮಾರುತ್ತಾ, ತನ್ನ ಮಣ್ಣಿನ ಖರ್ಚಿಗೆ ಕಾಸು ಕೂಡಿಡುವ ಮುದುಕಿ. ಪ್ರಶಸ್ತಿ ಬರದಿದ್ದರೂ ರಿಟರ್‌ಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ನಿರ್ದೇಶಕ ಹಿಚ್‌ಕಾಕ್‌ನ 'ರಿಯರ್ ವಿಂಡೋ' ನೋಡಿದವರು ಅವರ ನರ್ಸ್ ಪಾತ್ರ ಮರೆಯುವುದಿಲ್ಲ.

ಇದಕ್ಕೆ ತದ್ವಿರುದ್ಧ ಮಿಯೋಶಿ ಉಮೆಕಿ. ಜಪಾನಿನ ಒತಾರುವಿನಲ್ಲಿ ಹುಟ್ಟಿದ ಗಾಯಕಿ. 1957ರ 'ಸಯೊನಾರಾ'ದಲ್ಲಿ ಅಮೆರಿಕದ ಸೈನಿಕನನ್ನು ಮದುವೆಯಾಗಿ, ನಿಯಮಗಳು ಇಬ್ಬರನ್ನೂ ಬೇರೆ ಮಾಡಲು ಬಂದಾಗ ಗಂಡನ ಜೊತೆಗೇ ಸಾಯುವ ಹೆಣ್ಣು. ನಟನೆಗೆ ಆಸ್ಕರ್ ಪಡೆದ ಮೊದಲ ಏಷ್ಯನ್ ಮಹಿಳೆ ಇವರು. ಆದರೆ ಆಮೇಲೆ ಸಿಕ್ಕಿದ್ದು ಬೆರಳೆಣಿಕೆಯ ಚಿತ್ರಗಳು. ಸ್ವಲ್ಪ ಕಾಲ ಟೀವಿಯಲ್ಲಿ ನಟಿಸಿ, 1972ರ ಸುಮಾರಿಗೆ ನಟನೆಯನ್ನೇ ಬಿಟ್ಟರು. ಪ್ರತಿಮೆಯ ಮೇಲಿನ ತಮ್ಮ ಹೆಸರನ್ನು ಕೆರೆದುಹಾಕಿ ಅದನ್ನು ಎಸೆದರು ಎಂದು ಅವರ ಮಗ ಹೇಳಿದ್ದಾರೆ. ಇನ್ನೊಬ್ಬ ಏಷ್ಯನ್ ನಟಿಗೆ, ಕೊರಿಯಾದ ಯೂನ್ ಯು-ಜಂಗ್ ಅವರಿಗೆ, ಈ ಪ್ರಶಸ್ತಿ ಬಂದದ್ದು 2021ರಲ್ಲಿ.

1961ರ 'ವೆಸ್ಟ್ ಸೈಡ್ ಸ್ಟೋರಿ'ಯ ಅನೀಟಾ ಪಾತ್ರಕ್ಕೆ ಪೋರ್ಟೊ ರಿಕೊ ಮೂಲದ ರೀಟಾ ಮೊರೆನೊ ಗೆದ್ದರು. ಆ ಚಿತ್ರಕ್ಕೆ ಅವರ ಮುಖಕ್ಕೆ ಕಂದು ಬಣ್ಣ ಬಳಿದಿದ್ದರು. ಗೆದ್ದ ನಂತರ ಬಂದ ಪಾತ್ರಗಳೆಲ್ಲ ಅದೇ ಅನೀಟಾದ ಕಳಪೆ ನಕಲುಗಳಾದ್ದರಿಂದ ಒಪ್ಪಿಕೊಳ್ಳದೆ ಹಲವು ವರ್ಷ ಸಿನಿಮಾದಿಂದ ದೂರವಿದ್ದರು. ಅವರು ಸುಮ್ಮನೆ ಕೂರಲಿಲ್ಲ. 1977ರ ಹೊತ್ತಿಗೆ ಆಸ್ಕರ್ ಜೊತೆಗೆ ಗ್ರ್ಯಾಮಿ, ಟೋನಿ, ಎಮ್ಮಿ ಮೂರನ್ನೂ ಗೆದ್ದಿದ್ದರು.

ಇಷ್ಟು ಬದುಕುಗಳನ್ನು ಒಟ್ಟಿಗೆ ನೋಡಿದಾಗ ಒಂದು ತೀರ್ಮಾನಕ್ಕೆ ಬರಬಹುದು. ನಾಯಕಿಯಾಗಲು ವಯಸ್ಸು ಮೀರಿದೆ, ಬಣ್ಣ ಬೇರೆ, ಉಚ್ಚಾರ ಬೇರೆ ಎಂದು ಹಾಲಿವುಡ್ ಬದಿಗಿಟ್ಟಿದ್ದ ಹೆಂಗಸರ ಪ್ರತಿಭೆಯನ್ನು ದಾಖಲೆಗೆ ತಂದದ್ದು ಈ ಪೋಷಕ ನಟಿ ಪ್ರಶಸ್ತಿ. ಅದು ದೊಡ್ಡ ಕೆಲಸ. ಆದರೆ ಚಪ್ಪಾಳೆ ತಟ್ಟಿದ ಕೈಗಳೇ ಮುಂದಿನ ಪಾತ್ರ ಬರೆಯಲಿಲ್ಲ. ಒಬ್ಬ ನಟಿ ಚೆನ್ನಾಗಿ ನಟಿಸಿದ್ದಾಳೆ ಎಂದು ಪ್ರಶಸ್ತಿ ಹೇಳಬಲ್ಲದು. ಆಕೆಗೆ ನಟಿಸಲು ಮತ್ತೆ ಕೆಲಸ ಕೊಡುವುದು ನಿರ್ಮಾಪಕರಿಗೂ ಲೇಖಕರಿಗೂ ಸೇರಿದ್ದು.

ಶ್ರೋತೃಗಳಲ್ಲಿ ಒಂದು ವಿನಂತಿ. ಬಿಡುವಾದಾಗ 'ದ ಗ್ರೇಪ್ಸ್ ಆಫ್ ರಾತ್' ಮತ್ತು 'ಕೀ ಲಾರ್ಗೊ', ಇವೆರಡನ್ನಾದರೂ ಹುಡುಕಿ ನೋಡಿ. ಕಥೆ ನಾಯಕನದೇ ಆಗಿರಲಿ, ಕಣ್ಣು ಪಕ್ಕದಲ್ಲಿರುವ ಹೆಂಗಸಿನ ಮೇಲಿರಲಿ. ಚಿತ್ರ ಮುಗಿದ ಮೇಲೆ ಪಾತ್ರವರ್ಗದ ಪಟ್ಟಿಯಲ್ಲಿ ಆಕೆಯ ಹೆಸರನ್ನೂ ಓದಿ.