ಗ್ಲಾಸ್ಟರಿನ ಬ್ಯಾಂಕೂ ಅದರ ನೋಟುಗಳೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಿಮ್ಮ ಜೇಬಿನಲ್ಲಿ ಹತ್ತು ರೂಪಾಯಿಯ ನೋಟು ಇದ್ದರೆ ದಯಮಾಡಿ ಒಮ್ಮೆ ಹೊರಗೆ ತೆಗೆಯಿರಿ. ಹಿಂಬದಿಯಲ್ಲಿ ಭಾಷೆಗಳ ಪಟ್ಟಿಯಿದೆ; ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಒಂದು ಸಾಲು ಕಂಡರೆ ಏನೋ ಸಮಾಧಾನ. ಈಗ ಮುಂಬದಿಗೆ ತಿರುಗಿಸಿ. ನೋಟು ತಂದವನಿಗೆ ಹತ್ತು ರೂಪಾಯಿ ಕೊಡುವೆನೆಂದು ರಿಸರ್ವ್ ಬ್ಯಾಂಕಿನ ಗವರ್ನರರು ಮಾತು ಕೊಟ್ಟು ಸಹಿ ಹಾಕಿದ್ದಾರೆ. ಎಂದರೆ, ನೋಟೆಂಬುದು ಹಣವಾಗುವುದಕ್ಕೆ ಮೊದಲು ಒಂದು ಮಾತು. ಮಾತು ಕೊಟ್ಟವನು ಯಾರು? ಅವನ ಬೆನ್ನಿಗೆ ಏನಿದೆ? ತಪ್ಪಿದರೆ ಕೇಳುವವರು ಯಾರು? ಈ ಮೂರು ಪ್ರಶ್ನೆಗಳ ಮೇಲೆಯೇ ಕಾಗದದ ಬೆಲೆ ನಿಂತಿದೆ.

ಈ ಪ್ರಶ್ನೆಗಳನ್ನು ಕೇಳದೆ ಕೆಟ್ಟ ಒಂದು ಸಣ್ಣ ಊರಿನ ಬ್ಯಾಂಕಿನ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೆರಿಕದ ರೋಡ್ ಐಲೆಂಡ್ ಪುಟ್ಟ ರಾಜ್ಯ. ಅದರಲ್ಲಿ ಗ್ಲಾಸ್ಟರ್ ಎಂಬುದು ರೈತರ ಊರು. 1804ರಲ್ಲಿ ಅಲ್ಲಿ ಒಂದು ಬ್ಯಾಂಕು ಹುಟ್ಟಿತು. ಅದರ ಹೆಸರು ಫಾರ್ಮರ್ಸ್ ಎಕ್ಸ್‌ಚೇಂಜ್ ಬ್ಯಾಂಕು; ರೈತರ ಹೆಸರು ಹೊತ್ತ ಬ್ಯಾಂಕು ಎನ್ನೋಣ. ಸನದಿನಲ್ಲಿ ಬರೆದ ಬಂಡವಾಳ 1 ಲಕ್ಷ ಡಾಲರು. ನಿಜವಾಗಿ ಪೆಟ್ಟಿಗೆಗೆ ಬಂದದ್ದು 20,000ಕ್ಕೂ ಕಡಮೆ. ಬುನಾದಿಯೇ ಹೀಗಿತ್ತು.

ಆ ಕಾಲದಲ್ಲಿ ಅಲ್ಲಿ ಸರಕಾರದ ಕಾಗದದ ಹಣವಿರಲಿಲ್ಲ. ಪ್ರತಿಯೊಂದು ಬ್ಯಾಂಕೂ ತನ್ನ ನೋಟನ್ನು ತಾನೇ ಅಚ್ಚು ಮಾಡಿಸಿ, ಅಧ್ಯಕ್ಷ ಮತ್ತು ಖಜಾಂಚಿ ಕೈಯಿಂದ ಸಹಿ ಹಾಕಿ ಹೊರಗೆ ಬಿಡುತ್ತಿತ್ತು. ನೋಟು ಹಿಡಿದವನು ಆ ಬ್ಯಾಂಕಿನ ಬಾಗಿಲಿಗೆ ಬಂದರೆ ಬೆಳ್ಳಿ ಬಂಗಾರದ ನಾಣ್ಯ ಕೊಡಬೇಕು. ಇದು ಕರಾರು. ಆದರೆ ಬಾಗಿಲಿಗೆ ಬರುವುದು ಸುಲಭವೇ? ಬಾಸ್ಟನ್ ನಗರದಿಂದ ಗ್ಲಾಸ್ಟರಿಗೆ ಕುದುರೆ ಗಾಡಿಯಲ್ಲಿ ಸುಮಾರು 50 ಮೈಲಿ. ಐದು ಡಾಲರಿನ ನೋಟಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ? ಆದುದರಿಂದ ದೂರದ ಊರಿನ ನೋಟನ್ನು ನಗರದ ವ್ಯಾಪಾರಿಗಳು ವಟ್ಟ ಹಿಡಿದು, ಮುಖಬೆಲೆಗಿಂತ ಕಡಮೆಗೆ ಕೊಳ್ಳುತ್ತಿದ್ದರು. ಹೊರಗೆ ಹೋದ ನೋಟು ಬೇಗ ಮನೆಗೆ ಮರಳುತ್ತಿರಲಿಲ್ಲ.

ಈ ದೂರವನ್ನೇ ಬಂಡವಾಳ ಮಾಡಿಕೊಂಡವನು ಬಾಸ್ಟನ್ನಿನ ಆಂಡ್ರೂ ಡೆಕ್ಸ್‌ಟರ್. ಅವನು ಬುದ್ಧಿವಂತ, ಓದಿದವನು. ಬಾಸ್ಟನ್ನಿನಲ್ಲಿ ಏಳು ಅಂತಸ್ತಿನ ಎಕ್ಸ್‌ಚೇಂಜ್ ಕಾಫಿ ಹೌಸ್ ಕಟ್ಟಿಸುವ ಹುಚ್ಚು ಅವನನ್ನು ಹಿಡಿದಿತ್ತು. ಕಟ್ಟಲು ಹಣ ಬೇಕು. 1808ರಲ್ಲಿ ಗ್ಲಾಸ್ಟರ್ ಬ್ಯಾಂಕಿನ ಷೇರುಗಳನ್ನು ಕೈವಶ ಮಾಡಿಕೊಂಡು, ಅಲ್ಲಿಂದ ಕಟ್ಟು ಕಟ್ಟಾಗಿ ನೋಟು ತರಿಸತೊಡಗಿದನು. ಅದಕ್ಕೆ ಪ್ರತಿಯಾಗಿ ಬ್ಯಾಂಕಿಗೆ ಅವನು ಕೊಟ್ಟದ್ದು ತನ್ನ ಸಾಲಪತ್ರ. ಆ ಪತ್ರದ ಕರಾರನ್ನು ಕೇಳಿ: ಬಡ್ಡಿ ನೂರಕ್ಕೆ ಎರಡು; ಆದರೆ ತನಗೆ ಸರಿಯೆಂದು ತೋರುವವರೆಗೆ ಹಣ ಕೊಡೆಂದು ಯಾರೂ ಕೇಳುವಂತಿಲ್ಲ! ನಮ್ಮ ಊರಿನ ಸಾಹುಕಾರನ ಹತ್ತಿರ ಇಂಥ ಪತ್ರ ಬರೆದುಕೊಟ್ಟು ಒಂದು ಸೇರು ಜೋಳವಾದರೂ ತರಬಹುದೆ?

ಇನ್ನು ಗ್ಲಾಸ್ಟರಿನ ಖಜಾಂಚಿಯ ಕಡೆ ನೋಡೋಣ. ಅವನ ಹೆಸರು ವಿಲಿಯಂ ಕಾಲ್‌ವೆಲ್. ಬಾಸ್ಟನ್ನಿನಿಂದ ಅವನಿಗೆ ಕಾಗದದ ಮೇಲೆ ಕಾಗದ ಬರುತ್ತಿತ್ತು: ಇನ್ನಷ್ಟು ಸಹಿ ಹಾಕು, ಬೇಗ ಹಾಕು, ರಾತ್ರಿಯೂ ಕೂತು ಹಾಕು, ಯಾರಿಗೂ ತಿಳಿಯದಂತೆ ಹಾಕು. ಅವನು ಹಾಕಿದನು. ಬಂಧುಗಳೆ, ನಾನೂ ಬಹಳ ವರ್ಷ ಗುಮಾಸ್ತಿಕೆ ಮಾಡಿದವನು. ಮೇಲಿನವರು ಬೆರಳು ತೋರಿದ ಜಾಗದಲ್ಲಿ, ಮೇಲೇನು ಬರೆದಿದೆಯೆಂದು ಓದದೆ ಸಹಿ ಹಾಕಿದ ದಿನಗಳು ನನಗೂ ಇವೆ. ಆ ಖಜಾಂಚಿಯ ಮೇಜಿನ ಮೇಲಿನ ದೀಪವನ್ನು ನೆನೆದಾಗ ನನಗೆ ಅವನ ಮೇಲೆ ಸಿಟ್ಟಿಗಿಂತ ಭಯವೇ ಹೆಚ್ಚಾಗುತ್ತದೆ. ಅವನು ಖೋಟಾ ನೋಟು ಮಾಡಲಿಲ್ಲ. ಆ ನೋಟುಗಳಿಗೆ ಬಳಸಿದ್ದು, ಖೋಟಾಗಾರರು ನಕಲು ಮಾಡಲಾಗದಂತೆ ಜೇಕಬ್ ಪರ್ಕಿನ್ಸ್ ಎಂಬ ನಿಪುಣನು ರೂಪಿಸಿದ ಉಕ್ಕಿನ ಅಚ್ಚು. ಅಚ್ಚು ಅಸಲು, ಸಹಿಯೂ ಅಸಲು. ಮಾತು ಮಾತ್ರ ಸುಳ್ಳು.

ಕಾಫಿ ಹೌಸಿಗೆ ದುಡಿದ ಕೆಲಸಗಾರರಿಗೂ ಸಾಮಗ್ರಿ ತಂದು ಹಾಕಿದವರಿಗೂ ಸಿಕ್ಕಿದ್ದು ಇಂಥ ಕಾಗದವೇ. ಕಟ್ಟಡ ಮೇಲೆದ್ದಂತೆ ಕಾಗದದ ಬೆಲೆ ಕೆಳಗಿಳಿಯಿತು. ಕಡೆಗೆ 1809ರಲ್ಲಿ ಬ್ಯಾಂಕು ಮುಗ್ಗರಿಸಿತು. ರೋಡ್ ಐಲೆಂಡಿನ ಶಾಸನಸಭೆ ವಿಚಾರಣೆಗೆ ಸಮಿತಿಯನ್ನು ಕಳಿಸಿತು. ಲೆಕ್ಕ ತೆಗೆದಾಗ ಹೊರಗಿದ್ದ ನೋಟು ಸುಮಾರು 6 ಲಕ್ಷ ಡಾಲರು. ತಿಜೋರಿಯಲ್ಲಿದ್ದ ನಾಣ್ಯ 86 ಡಾಲರು ಮತ್ತು ಸ್ವಲ್ಪ ಚಿಲ್ಲರೆ. ಅಮೆರಿಕದಲ್ಲಿ ಮೊಟ್ಟಮೊದಲು ದಿವಾಳಿಯೆದ್ದ ಬ್ಯಾಂಕು ಇದೇ.

ಡೆಕ್ಸ್‌ಟರ್ ಏನಾದನೆಂದು ಕೇಳುವಿರಿ. ಸಾಲಗಾರರ ಕೈಗೆ ಸಿಗದೆ ಗಡಿ ದಾಟಿ ನೋವಾ ಸ್ಕೋಷಿಯಕ್ಕೆ ಹೋದನು. ಮುಂದೆ ದಕ್ಷಿಣಕ್ಕೆ ಬಂದು ಅಲಬಾಮದಲ್ಲಿ ಇಂದಿನ ಮಾಂಟ್‌ಗಮರಿ ನಗರದ ಸ್ಥಾಪಕರಲ್ಲಿ ಒಬ್ಬನೆನಿಸಿಕೊಂಡನು. ಅವನ ಕಾಫಿ ಹೌಸು 1818ರಲ್ಲಿ ಬೆಂಕಿಗೆ ಬಿದ್ದು ಬೂದಿಯಾಯಿತು. ಕಡೆಯ ದಿನ ಯಾರ ಕೈಯಲ್ಲಿ ನೋಟು ಉಳಿದಿತ್ತೋ ಅವರದೇ ನಷ್ಟ. ಬ್ಯಾಂಕು ಮುರಿಯುವ ಸುದ್ದಿ ಮೊದಲು ಮುಟ್ಟುವುದು ವ್ಯಾಪಾರಿಯ ಕಿವಿಗೆ. ಕೂಲಿಯವನಿಗೆ ತಿಳಿಯುವುದು ಅಂಗಡಿಯವನು ನೋಟನ್ನು ಹಿಂದಕ್ಕೆ ತಳ್ಳಿದಾಗ.

ಹಾಗಾದರೆ ಸಣ್ಣ ಊರಿನ ಬ್ಯಾಂಕು ನೋಟು ಹೊರಡಿಸುವುದೇ ತಪ್ಪೆ? ಹಾಗೆನ್ನಲಾಗದು. ಅದೇ ದೇಶ 1863 ಮತ್ತು 1864ರ ಕಾನೂನುಗಳಿಂದ ಬೇರೊಂದು ದಾರಿ ಹಿಡಿಯಿತು. ನೋಟು ಬೇಕೆನ್ನುವ ಬ್ಯಾಂಕು ಮೊದಲು ಸರಕಾರದ ಸಾಲಪತ್ರಗಳನ್ನು ಕೊಂಡು ಕೇಂದ್ರ ಖಜಾನೆಯಲ್ಲಿ ಇಡಬೇಕು. ಅವುಗಳ ಬೆಲೆಗೆ ನೂರಕ್ಕೆ ತೊಂಬತ್ತರಷ್ಟು ಮಾತ್ರ ನೋಟು ಸಿಗುವುದು. ನೋಟಿನ ಮಾದರಿ ದೇಶಕ್ಕೆಲ್ಲ ಒಂದೇ. ಹೆಸರು ಮಾತ್ರ ಆಯಾ ಊರಿನ ಬ್ಯಾಂಕಿನದು. ಬ್ಯಾಂಕು ಮುರಿದರೂ ನೋಟಿನ ಹಣವನ್ನು ಖಜಾನೆ ಕೊಡುತ್ತಿತ್ತು. ಇಲ್ಲಿಯೂ ಸಣ್ಣ ಊರಿನ ಖಜಾಂಚಿಯೇ ಸಹಿ ಹಾಕಿದನು. ಆದರೆ ಅವನ ಸಹಿಯ ಬೆನ್ನಿಗೆ ಆಸ್ತಿಯಿತ್ತು, ತಪಾಸಣೆಯ ಕಣ್ಣಿತ್ತು. ಈ ಪದ್ಧತಿ 1935ರವರೆಗೆ ನಡೆಯಿತು.

ನಮ್ಮ ದೇಶದಲ್ಲಿಯೂ 1861ಕ್ಕೆ ಮೊದಲು ಬಂಗಾಳ, ಮುಂಬಯಿ, ಮದ್ರಾಸು ಬ್ಯಾಂಕುಗಳು ತಮ್ಮ ತಮ್ಮ ನೋಟು ಹೊರಡಿಸುತ್ತಿದ್ದವು. ಆ ವರ್ಷದ ಕಾನೂನಿನಿಂದ ಅಧಿಕಾರ ಸರಕಾರಕ್ಕೆ ಬಂದಿತು. ಆಗಲೂ ದೂರದ ತೊಡಕು ತಪ್ಪಲಿಲ್ಲ. ಮದ್ರಾಸು ವಲಯದ ನೋಟನ್ನು ಮುಂಬಯಿ ವಲಯದಲ್ಲಿ ತೆಗೆದುಕೊಳ್ಳಲೇಬೇಕೆಂಬ ನಿಯಮವಿರಲಿಲ್ಲ. ಅಂದು ಒಂದು ಸೀಮೆಯಿಂದ ಇನ್ನೊಂದಕ್ಕೆ ದುಡಿಯಲು ಹೋದವನ ಗಂಟಿನಲ್ಲಿದ್ದ ನೋಟಿಗೂ ಪರಸ್ಥಳದ ಕಷ್ಟ! 1903ರಿಂದ 1911ರೊಳಗೆ ಐದರಿಂದ ನೂರು ರೂಪಾಯಿವರೆಗಿನ ನೋಟುಗಳಿಗೆ ಹಂತಹಂತವಾಗಿ ಈ ಗಡಿ ಅಳಿಸಿತು. 1935ರಲ್ಲಿ ರಿಸರ್ವ್ ಬ್ಯಾಂಕು ಬಂದಿತು. 1996ರಿಂದ ನಮ್ಮ ಮೈಸೂರಿನಲ್ಲಿಯೂ ನೋಟು ಅಚ್ಚಾಗುತ್ತಿದೆ.

ಇಂದು ನೋಟಿನ ಬಗ್ಗೆ ಗ್ಲಾಸ್ಟರಿನ ಭಯ ನಮಗಿಲ್ಲ. ಆದರೆ ಠೇವಣಿಯೂ ಒಂದು ಮಾತೇ. ಬ್ಯಾಂಕು ಕುಸಿದರೆ ಠೇವಣಿದಾರನಿಗೆ ಇಂತಿಷ್ಟು ಸಿಗಬೇಕೆಂಬ ವಿಮೆ 1962ರಲ್ಲಿ ಆರಂಭವಾಯಿತು. ಆಗಿನ ಮಿತಿ 1,500 ರೂಪಾಯಿ. 2020ರಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಲಾಯಿತು. ಈ ವಿಮೆ ಬ್ಯಾಂಕಿನ ಠೇವಣಿಗೆ ಉಂಟು. ಬೀದಿಯ ಕೊನೆಯಲ್ಲಿ ಹೆಚ್ಚು ಬಡ್ಡಿಯ ಆಸೆ ತೋರಿಸುವ ಚೀಟಿಯವನಿಗೆ ಇಲ್ಲ. ಮಗಳ ಮದುವೆಗೆಂದು, ಊರಿನ ಮನೆಯ ಹೆಂಚಿಗೆಂದು ಕೂಡಿಸಿದ ಹಣವನ್ನು ಯಾರ ಕೈಗಾದರೂ ಕೊಡುವ ಮುನ್ನ ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಕೇಳುವುದಕ್ಕೆ ನಾಚಿಕೆ ಬೇಡ. ಕೇಳಿದಾಗ ಸಿಟ್ಟಾಗುವವನ ಹತ್ತಿರ ಹಣ ಇಡಬೇಡಿ.

ಲೇಖನಿ ಹಿಡಿದ ನನ್ನ ಗುಮಾಸ್ತ ಬಂಧುಗಳಿಗೆ ಇನ್ನೊಂದು ಮಾತು. ನಾವು ಹಾಕುವ ಸಹಿಯನ್ನು ನಂಬಿ ನಾವು ಎಂದೂ ಕಾಣದ ಯಾರೋ ಸಂಜೆ ಅಕ್ಕಿ ಕೊಳ್ಳುತ್ತಾರೆ. ಅವರನ್ನು ನೆನೆದು, ಓದಿ, ಆಮೇಲೆ ಸಹಿ ಹಾಕೋಣ.