ಉಪಮೆ, ರೂಪಕ ಮತ್ತು ಒಂದು ಅರ್ಜಿ

ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಆದರೂ ಇಂದು ಅಲಂಕಾರಗಳ ಬಗ್ಗೆ ನಾಲ್ಕು ಮಾತು ಹೇಳಲು ಕುಳಿತಿದ್ದೇನೆ. ಅಲಂಕಾರವೆಂದರೆ ಪರೀಕ್ಷೆಯಲ್ಲಿ ಅಂಕ ತರುವ ಒಂದು ಪ್ರಶ್ನೆ ಎಂದು ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಓದುವಾಗ ನಾನು ತಿಳಿದಿದ್ದೆ. ಆ ತಿಳಿವಳಿಕೆಯ ಬೆಲೆ ತೆತ್ತವರು ಬೇರೆಯವರು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಮನೆಯ ಅಜ್ಜಿ ಬೇಸಿಗೆಯಲ್ಲಿ ಹೊಲದಿಂದ ಬಂದು "ನೆಲ ಹಂಚಿನ ಹಾಂಗ ಕಾದೈತಿ" ಅನ್ನುತ್ತಾಳಲ್ಲವೆ? ಅದೇ ಉಪಮೆ. ನೆಲ ಉಪಮೇಯ; ರೊಟ್ಟಿ ಬೇಯಿಸುವ ಹಂಚು ಉಪಮಾನ; ಕಾದಿರುವುದು ಎರಡಕ್ಕೂ ಸಮಾನವಾದ ಧರ್ಮ; 'ಹಾಂಗ' ಎಂಬುದು ಉಪಮಾವಾಚಕ. ಪುಸ್ತಕದಲ್ಲಿ 'ಅಂತೆ' ಎಂದಿರುತ್ತದೆ, ಕೆಲಸ ಒಂದೇ. "ನಮ್ಮ ಹೊಲ ಅಂದ್ರ ಕಾದ ಹಂಚು" ಎಂದರೆ ಹೋಲಿಕೆ ಹೋಗಿ ಎರಡೂ ಒಂದಾದವು; ಅದು ರೂಪಕ. ಬಿರುಕು ಬಿಟ್ಟ ಎರೆಭೂಮಿ ನೋಡಿ "ನೀರಿಗಂತ ಬಾಯಿ ತೆರದೈತೇನೋ" ಎಂದರೆ ಉತ್ಪ್ರೇಕ್ಷೆ. ರೇಡಿಯೋದವರು 'ಈಗ ರೂಪಕ' ಎಂದಾಗ ಮಾತ್ರ ಹಂಚು ಹುಡುಕಬೇಡಿ, ಅದು ನಾಟಕದ ಬಗೆಯ ಕಾರ್ಯಕ್ರಮ.

ಇದೆಲ್ಲ ನಮಗೆ ದೂರದಿಂದ ಬಂದದ್ದೂ ಅಲ್ಲ. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ' ದಂಡಿಯ ಸಂಸ್ಕೃತ ಗ್ರಂಥವನ್ನು ಆಧರಿಸಿ ಅಲಂಕಾರಗಳನ್ನು ಕನ್ನಡದಲ್ಲಿ ವಿವರಿಸಿತು. ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ; ನಮ್ಮ ನೆರೆಯ ಜಿಲ್ಲೆ.

ಎರಡು ಭಾಷೆಯವರಾದ ನಮಗೆ ತೊಡಕು ಬೇರೆ ಕಡೆ ಇದೆ. 'ಶಬ್ದ' ಎಂದರೆ ಮರಾಠಿಯಲ್ಲಿ ಪದ, ನಮ್ಮ ಮಾತಿನಲ್ಲಿ ಸದ್ದು. ಸಾಲಿನ ಕೊನೆ ಹೊಂದಿದರೆ ಮರಾಠಿಯವರು ಯಮಕ ಕೂಡಿತು ಎನ್ನುತ್ತಾರೆ. ನಾವು ಅದನ್ನು ಪ್ರಾಸ ಎನ್ನುತ್ತೇವೆ. ಕನ್ನಡದ ಯಮಕ ಬೇರೆ: ಅದೇ ಅಕ್ಷರಗಳ ಗುಂಪು ಬೇರೆ ಅರ್ಥದಲ್ಲಿ ಮತ್ತೆ ಬರಬೇಕು. ಗಾದೆಗೆ ಅವರು 'ಮ್ಹಣ' ಎನ್ನುತ್ತಾರೆ, ನುಡಿಗಟ್ಟಿಗೆ 'ವಾಕ್ಪ್ರಚಾರ'. ಪ್ರಚಾರ ಎಂದ ಕೂಡಲೇ ಚುನಾವಣೆ ನೆನೆಯಬೇಡಿ.

ಈ ನುಡಿಗಟ್ಟೇ ನನ್ನನ್ನು ಕೆಡವಿದ್ದು. 1986ರ ಮಾತು. ನನ್ನ ಮರಾಠಿ ಆಗ ಇನ್ನೂ ಹಸಿ. ಒಬ್ಬ ರೈತರು ಬೆಳೆಸಾಲದ ಮುದ್ದತು ಮುಂದಕ್ಕೆ ಹಾಕಿಸಲು ಬಂದರು. ಕನ್ನಡದಲ್ಲಿ ಬರೆಸಿ ತಂದಿದ್ದರು: "ಈ ಸಲ ಜೋಳ ಕೈ ಕೊಟ್ಟಿತು." ಕೌಂಟರಿನಲ್ಲಿ ಗದ್ದಲ. ನಾನು ಪದಕ್ಕೆ ಪದ ಇಟ್ಟು ಮರಾಠಿಯಲ್ಲಿ 'ಜ್ವಾರೀನೆ ಹಾತ್ ದಿಲಾ' ಎಂದು ಬರೆದು ಒಳಗೆ ಕಳಿಸಿದೆ. ಕನ್ನಡದಲ್ಲಿ ಕೈ ಕೊಡುವುದೆಂದರೆ ನಡುನೀರಿನಲ್ಲಿ ಬಿಡುವುದು, ಮರಾಠಿಯಲ್ಲಿ ಆಸರೆಯಾಗುವುದು. ಬೆಳೆ ಆಸರೆಯಾದ ಮೇಲೆ ಮುದ್ದತು ಯಾಕೆ? ಸಾಹೇಬರು ಅರ್ಜಿ ತಿರುಗಿಸಿದರು. ಅವರದೇನೂ ತಪ್ಪಿರಲಿಲ್ಲ. ನುಡಿಗಟ್ಟಿನಲ್ಲಿ ವಾಚ್ಯಾರ್ಥ ಬಿಟ್ಟು ಲಕ್ಷ್ಯಾರ್ಥ ಹಿಡಿಯಬೇಕೆಂದು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಬರೆದು ಅಂಕವನ್ನೂ ಪಡೆದಿದ್ದೆ.

ಹದಿನೈದು ದಿನದ ಮೇಲೆ ಅವರು ಮತ್ತೆ ಬಂದಾಗ ತಪ್ಪು ತಿಳಿಯಿತು. 'ಬೆಳೆ ಕೆಟ್ಟಿತು' ಎಂದು ನೇರವಾಗಿ ಹೊಸ ಅರ್ಜಿ ಬರೆದೆ, ಮಂಜೂರಾಯಿತು. ಅಷ್ಟರಲ್ಲಿ ಅವರು ಜೋಡಿಯಲ್ಲಿ ಒಂದು ಎತ್ತು ಮಾರಿ ಹಳೆ ಬಾಕಿಗೆ ಕಟ್ಟಿದ್ದರು. ಉಳಿದ ಒಂದೇ ಎತ್ತಿನಿಂದ ಗಳೆ ಹೊಡೆಯುವುದು ಹೇಗೆ? ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎರಡೂ ಭಾಷೆ ಬಲ್ಲ ಮನುಷ್ಯ. ಮಂಜೂರಿ ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡು, "ಜ್ವಾಳ ಅಷ್ಟ ಅಲ್ರಿ ಸಾಹೇಬ್ರ, ನೀವೂ ಕೈ ಕೊಟ್ರಿ" ಎಂದರು.

ಒಂದೇ ಮಾತು, ಎರಡು ಅರ್ಥ. ಇದಕ್ಕೆ ಶ್ಲೇಷೆ ಎನ್ನುತ್ತಾರೆ. ಅವರು ಯಾವ ಭಾಷೆಯ ಅರ್ಥದಲ್ಲಿ ಹೇಳಿದರೋ ನಾನು ಕೇಳಲಿಲ್ಲ.