ಕಿಲ್ಲಾರಿಯಿಂದ ಕಠ್ಮಂಡುವರೆಗೆ: ವೈದ್ಯರ ತಂಡ ಹೊರಡುವ ಮುನ್ನ

1993ರ ಸೆಪ್ಟೆಂಬರ್ 30. ನಸುಕಿನ 3 ಗಂಟೆ 56 ನಿಮಿಷ. ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಊರುಗಳು ಗಾಢ ನಿದ್ದೆಯಲ್ಲಿದ್ದವು. ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ನೆಲ ನಡುಗಿತು. ಸುಮಾರು 10 ಸಾವಿರ ಜನ ಸತ್ತರು.

ಭೂಪಟದಲ್ಲಿ ಬೀದರ್ ಜಿಲ್ಲೆಯ ಭಾಲ್ಕಿಯ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಸರಿಸಿ. ಸುಮಾರು 65 ಕಿಲೋಮೀಟರ್ ದೂರದಲ್ಲಿ ಕಿಲ್ಲಾರಿ ಸಿಗುತ್ತದೆ. ಅಲ್ಲಿನ ಮನೆಗಳು ಬೀದರ್ ಸೀಮೆಯವರಿಗೆ ಹೊಸವಲ್ಲ: ಕಲ್ಲು-ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಾಳಿಗೆಯೇ ಅಂದು ಮಲಗಿದ್ದವರ ಮೇಲೆ ಕುಸಿಯಿತು.

ಹೀಗಾಗಿ ದೂರದ ದೇಶದಲ್ಲಿ ಭೂಕಂಪವಾದಾಗ ಬೀದರ್‌ನ ವೈದ್ಯರು, ನರ್ಸ್‌ಗಳು, ಔಷಧ ಅಂಗಡಿಯ ಹುಡುಗರು 'ನಾವೂ ಹೋಗೋಣ' ಅಂದರೆ ಆ ಮಾತಿನಲ್ಲಿ ಬಲವಿದೆ. ಆದರೆ ಹೋಗುವುದು ಹೇಗೆ?

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಕಠ್ಮಂಡು ವಿಮಾನ ನಿಲ್ದಾಣಕ್ಕಿದ್ದದ್ದು ಒಂದೇ ರನ್‌ವೇ. ನಾನಾ ದೇಶಗಳ ನೆರವಿನ ವಿಮಾನಗಳು ಒಟ್ಟಿಗೆ ಬಂದು ಜಾಗಕ್ಕಾಗಿ ಆಕಾಶದಲ್ಲೇ ಸುತ್ತಿದವು. ಮೇ 3ರಂದು, ರನ್‌ವೇ ಹಾಳಾಗುತ್ತಿದೆಯೆಂದು ದೊಡ್ಡ ವಿಮಾನಗಳನ್ನೇ ತಡೆಯಬೇಕಾಯಿತು. ಅಂಥ ಕಡೆ ಊಟ, ನೀರು, ಟೆಂಟ್ ಯಾವುದೂ ಇಲ್ಲದೆ ಇಳಿದ ತಂಡ ಎಷ್ಟೇ ಒಳ್ಳೆಯ ಮನಸ್ಸಿನದಾದರೂ, ನೊಂದವರ ಪಾಲಿನ ನೀರನ್ನೇ ಕುಡಿಯುತ್ತದೆ.

ಇಂಥದ್ದು ತಪ್ಪಲೆಂದೇ ವಿಶ್ವ ಆರೋಗ್ಯ ಸಂಸ್ಥೆ, 2010ರ ಹೈಟಿ ಭೂಕಂಪದ ಗೊಂದಲ ನೋಡಿದ ಮೇಲೆ, 2013ರಲ್ಲಿ ತುರ್ತು ವೈದ್ಯಕೀಯ ತಂಡಗಳಿಗೆ ದರ್ಜೆಗಳನ್ನು ಗೊತ್ತುಮಾಡಿತು. ಒಂದೇ ಕಡೆ ಟೆಂಟ್ ಹಾಕಿ ಕೂರುವ ಮೊದಲ ದರ್ಜೆಯ ತಂಡ ದಿನಕ್ಕೆ ಕನಿಷ್ಠ 100 ಹೊರರೋಗಿಗಳನ್ನು ನೋಡಬೇಕು. ಎರಡನೇ ದರ್ಜೆಗೆ ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ ಬೇಕು. ತನ್ನ ಅನ್ನ-ನೀರು-ಕರೆಂಟನ್ನು ತಾನೇ ಹೊತ್ತೊಯ್ಯುವುದು ಎಲ್ಲರಿಗೂ ಕಡ್ಡಾಯ. ಆ ದೇಶ ಕರೆಯಬೇಕು, ವೈದ್ಯರ ನೋಂದಣಿ ಪತ್ರ ಕೈಯಲ್ಲಿರಬೇಕು, ಇಳಿದ ಕೂಡಲೇ ಅಲ್ಲಿನ ಸಮನ್ವಯ ಕೇಂದ್ರದಲ್ಲಿ ಹೆಸರು ಬರೆಸಬೇಕು. ಈ ಕಾಗದಪತ್ರ ಭೂಕಂಪವಾದ ಮೇಲೆ ಹೊಂದಿಸುವಂಥದ್ದಲ್ಲ.

ಇನ್ನು ಪೆಟ್ಟಿಗೆಯೊಳಗೆ ಏನಿರಬೇಕು? ಒಂದೇ ಉದಾಹರಣೆ ಸಾಕು. ತೊಲೆಯ ಕೆಳಗೆ ತೊಡೆ ಸಿಕ್ಕಿಕೊಂಡ ಮನುಷ್ಯ ಗಂಟೆಗಟ್ಟಲೆ ಮಾತಾಡುತ್ತಲೇ ಇರುತ್ತಾನೆ. ತೊಲೆ ಎತ್ತಿದ ಸ್ವಲ್ಪ ಹೊತ್ತಿಗೆ ಹೃದಯ ನಿಲ್ಲಬಹುದು. ಜಜ್ಜಿದ ಸ್ನಾಯುವಿನಿಂದ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ, ಸ್ನಾಯುವಿನ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಇದೇ ಕ್ರಶ್ ಸಿಂಡ್ರೋಮ್. ಆದ್ದರಿಂದ ಭಾರ ಎತ್ತುವ ಮೊದಲೇ ಸಲೈನ್ ಹಚ್ಚಬೇಕು, ದೊಡ್ಡವರಿಗೆ ಗಂಟೆಗೆ ಸುಮಾರು ಒಂದು ಲೀಟರ್. ಅದೂ ನಾರ್ಮಲ್ ಸಲೈನ್ (ಎನ್‌ಎಸ್) ಬಾಟಲಿ. ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟರ್ಕಿಯಲ್ಲಿ 1999ರ ಆಗಸ್ಟ್‌ನ ಭೂಕಂಪದ ನಂತರ 639 ಗಾಯಾಳುಗಳ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, 477 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಡಯಾಲಿಸಿಸ್ ಟೆಕ್ನೀಷಿಯನ್‌ನನ್ನು ಮರೆತು ಬರೀ ಮೂಳೆ ಡಾಕ್ಟರರನ್ನು ತುಂಬಿಕೊಂಡು ಹೋಗುವ ತಂಡ ಅರ್ಧ ಕೆಲಸವನ್ನು ಮನೆಯಲ್ಲೇ ಬಿಟ್ಟು ಹೊರಟಂತೆ.

ಮೂರ್ನಾಲ್ಕು ದಿನ ಕಳೆದರೆ ಸಾಲಿನಲ್ಲಿ ನಿಲ್ಲುವವರೇ ಬೇರೆ. ಕೀವಾದ ಗಾಯದವರು, ಶುಗರ್ ಗುಳಿಗೆ ಮಣ್ಣಿನಡಿ ಹೋದ ಅಜ್ಜ, ಭೇದಿ ಹತ್ತಿದ ಕೂಸು, ದಿನ ತುಂಬಿದ ಬಸುರಿ. ಇಂಥವರನ್ನು ದಿನವೂ ನೋಡುವವರು ಬೀದರ್ ಜಿಲ್ಲೆಯ ಔರಾದ್‌ನ ತಾಲ್ಲೂಕು ದವಾಖಾನೆಯಲ್ಲಿ ಕೆಲಸ ಮಾಡುವ ನರ್ಸ್‌ಗಳು. ಅಂಥವರನ್ನು ತಂಡದ ಪಟ್ಟಿಯ ಕೊನೆಗೆ ಸೇರಿಸುವುದು ತಪ್ಪು.

ಬೀದರ್‌ಗೆ ಇನ್ನೊಂದು ಆಸ್ತಿಯಿದೆ, ಭಾಷೆ. ಗಡಿಯ ಜನಕ್ಕೆ ಕನ್ನಡದ ಜೊತೆ ಮರಾಠಿ, ಉರ್ದು, ಹಿಂದಿ, ತೆಲುಗು ಕಿವಿಗೆ ಬಿದ್ದೇ ಇರುತ್ತವೆ. ನೇಪಾಳಿ ಬರೆಯುವುದು ಮರಾಠಿಯ ಅದೇ ದೇವನಾಗರಿಯಲ್ಲಿ. ನೇಪಾಳಿ ತಾಯಿ 'ದುಖ್ಯೋ' ಅಂದರೆ, ಮರಾಠಿಯ 'ದುಖತಂಯ್' ಕೇಳಿ ಬೆಳೆದ ಭಾಲ್ಕಿಯ ನರ್ಸ್‌ಗೆ ನೋವು ಎಂದು ತಿಳಿಯಲು ಅನುವಾದಕರು ಬೇಡ.

ತಾಲೀಮು ನಡೆಯಬೇಕಾದದ್ದೂ ಈ ನೆಲದಲ್ಲೇ. 2021ರ ಅಕ್ಟೋಬರ್‌ನಲ್ಲಿ ಪಕ್ಕದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು, ಭಾಲ್ಕಿ-ಔರಾದ್‌ನ ಸಿಬ್ಬಂದಿ ಒಂದು ಬಯಲಿನಲ್ಲಿ ಮೂರು ರಾತ್ರಿ ಟೆಂಟ್ ಹಾಕಿ, ಹೊರಗಿನಿಂದ ಒಂದು ಕೊಡ ನೀರೂ ತರಿಸದೆ ಇದ್ದು ನೋಡಲಿ. ಜನರೇಟರ್ ಕೆಟ್ಟಾಗ ರಿಪೇರಿ ಯಾರಿಗೆ ಬರುತ್ತದೆ, ಕತ್ತಲಲ್ಲಿ ಟೆಟನಸ್ ಇಂಜೆಕ್ಷನ್ ಯಾವ ಪೆಟ್ಟಿಗೆಯಲ್ಲಿದೆ, ಹೆಣ್ಣುಮಕ್ಕಳ ತಪಾಸಣೆಗೆ ಪರದೆ ತಂದಿದ್ದಾರೆಯೇ ಎಂಬುದೆಲ್ಲ ಮೊದಲ ರಾತ್ರಿಯೇ ಗೊತ್ತಾಗುತ್ತದೆ.